ಟೇಪಿನೊಳಗಿನ ಗಂಗಾಲಕ್ಷ್ಮಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಖಾಲಿ ವೃತ್ತ.

ಶಿರಾದ ಪ್ರೆಸ್ಸಿನವನು ಮದುವೆ ಪತ್ರಿಕೆಯ ಮಾದರಿಯನ್ನು ಗುರುವಾರ ಸಂಜೆ ತೇಜಸ್ವಿನಿಯ ಮೊಬೈಲಿಗೆ ಕಳಿಸಿದ್ದ. ಮೇಲೆ ಗಣಪತಿ. ಬಲಗಡೆ ಗಂಡಿನ ಮನೆಯ ತೀರಿಕೊಂಡ ಅಜ್ಜ, ಅಜ್ಜಿ, ದೊಡ್ಡಪ್ಪ ಮೂರು ವೃತ್ತಗಳೊಳಗೆ ಗಂಭೀರವಾಗಿ ಕೂತಿದ್ದರು. ಎಡಗಡೆ ಹೆಣ್ಣಿನ ಮನೆಯವರದು ಒಂದೇ ವೃತ್ತ. ಅದರ ಕೆಳಗೆ ‘ದಿವಂಗತ ಶ್ರೀಮತಿ ಗಂಗಾಲಕ್ಷ್ಮಿಯವರ ಆಶೀರ್ವಾದಗಳೊಂದಿಗೆ’ ಎಂದಿತ್ತು. ಒಳಗೆ ಯಾರೂ ಇರಲಿಲ್ಲ.

“ಅಪ್ಪ, ಅವ್ವಂದು ಒಂದೇ ಒಂದು ಫೋಟೊ ಎಲ್ಲಾದ್ರೂ ಐತಾ?” ಎಂದು ತೇಜಸ್ವಿನಿ ಕೇಳಿದಳು. “ನಾಳೆ ಸಾಯಂಕಾಲ ಐದಕ್ಕೆ ಮಿಷನ್ನಿಗೆ ಹಾಕ್ತಾನಂತೆ. ಫೋಟೊ ಇಲ್ಲ ಅಂದ್ರೆ ದೀಪದ ಚಿತ್ರ ಹಾಕ್ತೀನಿ ಅಂದ. ನಂಗೆ ದೀಪ ಬ್ಯಾಡಪ್ಪ.”

ಎಂಟು ತಿಂಗಳ ಕೂಸಾಗಿದ್ದಾಗ ತಾಯಿಯನ್ನು ಕಳೆದುಕೊಂಡ ಹುಡುಗಿ ಅವಳು. ಈಗ ಇಪ್ಪತ್ತೆಂಟು ವರ್ಷ, ಶಿರಾದ ಆಸ್ಪತ್ರೆಯೊಂದರಲ್ಲಿ ನರ್ಸು. ಅಷ್ಟು ವರ್ಷಗಳಲ್ಲಿ ಅಪ್ಪನನ್ನು ಇದು ಬೇಕು ಅದು ಬೇಕು ಎಂದು ಕೇಳಿದವಳಲ್ಲ. ತನ್ನ ತಾಯಿಯ ಮುಖ ಹೇಗಿತ್ತೆಂದು ಕೂಡ ಬಾಯಿಬಿಟ್ಟು ಕೇಳಿರಲಿಲ್ಲ. “ಐತೆ ಕಣವ್ವ. ನಾಳೆ ಐದ್ರೊಳಗೆ ನಿನ್ ಕೈಲಿರ್ತೈತೆ,” ಎಂದುಬಿಟ್ಟ ಅಂಜನಪ್ಪ. ಹೇಳಿ ಮುಗಿದ ಮೇಲೆ, ಎಲ್ಲಿದೆ ಎಂದು ಯೋಚಿಸಲು ಕೂತ. ಅಂಜನಪ್ಪನ ಬದುಕೆಲ್ಲ ಇದೇ ಕ್ರಮದಲ್ಲಿ ನಡೆದುಬಂದಿತ್ತು.

ಗಂಗಾಲಕ್ಷ್ಮಿಯ ಫೋಟೊ ಅಂತ ತೆಗೆದದ್ದು ಒಂದೇ ಸಲ, ಮತದಾರರ ಗುರುತಿನ ಚೀಟಿಗೆ. ಆಗ ಅಂಜನಪ್ಪ ಊರಲ್ಲಿರಲಿಲ್ಲ. ಕುರಿ ಹೊಡೆದುಕೊಂಡು ಪಾವಗಡದಾಚೆ ಮೇವು ಅರಸಿ ಹೋಗಿದ್ದ. ತಿರುಗಿ ಬಂದು ಸ್ವಲ್ಪ ದಿನಕ್ಕೆ ಚೀಟಿ ಬಂತು. ಅದರ ಮೇಲಿನ ಚಿತ್ರ ಬಾಣಲೆ ತಳದಂತೆ ಕಪ್ಪಗಿದ್ದದ್ದರಿಂದ ಯಾರೂ ಅದನ್ನು ಎರಡನೇ ಸಲ ನೋಡಲಿಲ್ಲ. ಆಮೇಲೆ ಕಾಮಾಲೆ ಬಂದು ಗಂಗಾಲಕ್ಷ್ಮಿ ಹೋದಳು. ಮಣ್ಣು ಮಾಡುವಾಗ ಅಂಜನಪ್ಪನ ತಾಯಿ ಆ ಚೀಟಿಯನ್ನೂ ಸೊಸೆಯ ಸೆರಗಿಗೆ ಕಟ್ಟಿ ಕಳಿಸಿದ್ದಳು. ಅಲ್ಲೂ ಯಾರಾದರೂ ಚೀಟಿ ಕೇಳಿದರೆ ಹುಡುಗಿ ಪೇಚಾಡಬಾರದು ಎಂಬುದು ಮುದುಕಿಯ ಮುಂದಾಲೋಚನೆ.

ಅಂಜನಪ್ಪ ಕುರಿ ಮಾರಿ ಬರಗೂರಿನ ಹಾಸ್ಟೆಲಿನಲ್ಲಿ ಅಡುಗೆಯವನಾದ. ಅಲ್ಲಿಗೆ ಒಮ್ಮೆ ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಮಧುಗಿರಿಯ ಸಂಜೀವಯ್ಯ, ಚಿತ್ರಾನ್ನ ತಿನ್ನುತ್ತ ಒಂದು ಮಾತು ಹೇಳಿದ್ದ. ಆ ಕಾಲದಲ್ಲಿ ಊರೂರಿಗೆ ಕ್ಯಾಮರಾ ಹೊತ್ತು ತಿರುಗಿ ಚೀಟಿಯ ಫೋಟೊ ತೆಗೆದವರಲ್ಲಿ ತಾನೂ ಒಬ್ಬನಂತೆ. “ನಿಮ್ಮೂರು ಇಡೀ ನನ್ನ ಟ್ರಂಕಲ್ಲಿದೆ ಅಂಜನಪ್ಪೋರೇ,” ಎಂದಿದ್ದ. ಅಂಜನಪ್ಪನಿಗೆ ಈಗ ನೆನಪಾದದ್ದು ಆ ಟ್ರಂಕು.

ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಪಕ್ಕದ ಮನೆಯ ಈರಕ್ಕ ಬುತ್ತಿ ಕಟ್ಟಿಕೊಂಡು ರಸ್ತೆಯಲ್ಲೇ ನಿಂತಿದ್ದಳು. ಅಂಜನಪ್ಪನಿಗಿಂತ ನಾಲ್ಕು ವರ್ಷ ದೊಡ್ಡವಳು. ತಾಯಿಯಿಲ್ಲದ ತೇಜಸ್ವಿನಿಗೆ ಎಣ್ಣೆ ಹಚ್ಚಿ, ನೀರು ಹಾಕಿ ಬೆಳೆಸಿದವಳು. ಅದರ ಜೊತೆಗೇ ಅಂಜನಪ್ಪನ ಸಕಲ ವ್ಯವಹಾರಗಳ ಮೇಲ್ವಿಚಾರಣೆಯನ್ನೂ ವಹಿಸಿಕೊಂಡಿದ್ದಳು.

“ಗಂಗಿ ಫೋಟೊ ಮಧುಗಿರೀಲಿ ಐತಂತಲ್ಲೋ? ನಾನೂ ಬತ್ತೀನಿ. ನೀನೊಬ್ನೇ ಹೋದ್ರೆ ಬಸ್ಸಲ್ಲಿ ನಿದ್ದೆ ಹೊಡ್ದು ತುಮಕೂರಿಗೆ ಹೋಗ್ಬುಡ್ತೀಯ.”

ಯಾವ ಫೋಟೊ, ಯಾರು ತೆಗೆದದ್ದು, ಯಾವಾಗ ಎಂದು ಕೇಳುವ ವ್ಯವಧಾನ ಈರಕ್ಕನಿಗೆ ಇರಲಿಲ್ಲ. ಕಿಟಕಿ ಪಕ್ಕದ ಸೀಟು ಸಿಕ್ಕೀತೋ ಇಲ್ಲವೋ ಎಂಬ ಚಿಂತೆ ಅವಳದು.

ಮಧುಗಿರಿಯಲ್ಲಿ ಸಂಜೀವಯ್ಯ ಇವರನ್ನು ಕಂಡು ಹಿಗ್ಗಿ ಹೀರೇಕಾಯಿಯಾದ. ಇಷ್ಟು ವರ್ಷಕ್ಕೆ ತನ್ನ ಟ್ರಂಕನ್ನು ಹುಡುಕಿಕೊಂಡು ಬಂದವರು ಇವರೇ ಮೊದಲು. ಟ್ರಂಕಿನೊಳಗಿಂದ ಸೋಪಿನ ಬಿಲ್ಲೆಗಿಂತ ಸ್ವಲ್ಪ ದೊಡ್ಡದಾದ ಟೇಪೊಂದನ್ನು ತೆಗೆದ. “ಇದೊಂದರಲ್ಲೇ ಹದಿನೇಳು ಹಳ್ಳಿ ಇದೆ. ಹೆಸರು, ಫೋಟೊ ಎಲ್ಲ.” ಆಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ್ದ ಕಬ್ಬಿಣದ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ತಂದ. ಟೇಪನ್ನು ಓದುವ ಯಂತ್ರ, ಟೇಪ್ ಡ್ರೈವು. ವಿಭೂತಿಯ ಮೂರು ಪಟ್ಟೆ, ಕುಂಕುಮದ ಬೊಟ್ಟು, ಟೇಪು ತೂರಿಸುವ ಬಾಯಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು.

“ಹತ್ತೊಂಬತ್ತು ವರ್ಷದಿಂದ ಆನ್ ಮಾಡಿಲ್ಲ ಕಣ್ರೀ,” ಎಂದ ಸಂಜೀವಯ್ಯ, “ಆದರೆ ಒಂದು ಆಯುಧಪೂಜೆಯನ್ನೂ ತಪ್ಪಿಸಿಲ್ಲ.”

ಅದಕ್ಕೆ ಜೋಡಿಯಾಗಿದ್ದ ಕಂಪ್ಯೂಟರು ಎಂದೋ ಗುಜರಿಗೆ ಹೋಗಿತ್ತು. ಮೂವರೂ ಡಬ್ಬ ಹೊತ್ತು ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನು ಡ್ರೈವಿನ ಹಿಂದಿದ್ದ ಅಂಗೈಯುದ್ದದ ಕನೆಕ್ಷನ್ನನ್ನು ನೋಡಿದ, ತನ್ನ ಲ್ಯಾಪ್‌ಟಾಪಿನ ಕಿರುಬೆರಳಿನ ಉಗುರಿನಷ್ಟು ತೂತನ್ನು ನೋಡಿದ, ಆಮೇಲೆ ಇವರ ಮುಖ ನೋಡಿದ.

“ಇದಕ್ಕೆ ಸ್ಕಸಿ ಅಂತಿದ್ರು ಸಾರ್. ಇದು ಈಗ ಎಲ್ಲೂ ಇಲ್ಲ. ಇದಕ್ಕೂ ನಮ್ಮ ಮಿಷನ್ನಿಗೂ ಸಂಬಂಧವೇ ಇಲ್ಲ.”

“ಸಂಬಂಧ ಮಾಡಿದ್ರೆ ಆಯ್ತದಪ್ಪ,” ಎಂದಳು ಈರಕ್ಕ. “ಎರಡ್ ಕಡೆ ವೈರೂ ಕುಯ್ದು, ಹಲ್ಲಲ್ಲಿ ಸುಲ್ದು, ತಿರುಚ್ಬುಡು. ನಮ್ ಬೋರಿನ ಮೋಟ್ರು ಅಂಗೇ ಓಡ್ತೈತೆ.”

“ಅಜ್ಜಿ, ಇದರಲ್ಲಿ ಐವತ್ತು ವೈರಿವೆ.”

“ಐವತ್ತೂ ತಿರುಚು. ಅಂಗಡೀಲಿ ಇನ್ನೊಂದ್ ಗಿರಾಕಿ ಇಲ್ಲ, ನಿಂಗೇನ್ ಕೆಲ್ಸ ಐತೆ? ಮತ್ತೆ ಅಜ್ಜಿ ಅಂತ ಯಾರಿಗಂದೆ ನೀನು?”

ಜಗಳ ಬೀದಿಗೆ ಬರುವ ಮೊದಲು ಅಂಗಡಿಯವನು ಒಂದು ದಾರಿ ತೋರಿಸಿದ. ಕೊರಟಗೆರೆಯಲ್ಲಿ ಕಿರಣ್ ಕುಮಾರ್ ಎಂಬ ರಿಪೇರಿಯವನಿದ್ದಾನೆ, ಹುಣಸೆಹಣ್ಣಿನ ಮಂಡಿಗಳ ಅಜ್ಜನ ಕಾಲದ ಕಂಪ್ಯೂಟರುಗಳನ್ನು ಇನ್ನೂ ಉಸಿರಾಡಿಸುತ್ತಿರುವವನು ಅವನೊಬ್ಬನೇ, ಅಲ್ಲಿಗೆ ಹೋಗಿ ಎಂದ. ಅವರನ್ನು ಅಂಗಡಿಯಿಂದ ಸಾಗಹಾಕಲು ಅವನು ಇನ್ನೂ ಆಚೆಯ ಕೊಳಾಲಕ್ಕೆ ಬೇಕಾದರೂ ಕಳಿಸುತ್ತಿದ್ದ.

ಕೊರಟಗೆರೆಯ ಬಸ್ಸಿನಲ್ಲಿ ಅಂಜನಪ್ಪ ಡ್ರೈವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ವಿಭೂತಿ ಕುಂಕುಮ ಕಂಡ ಕಂಡಕ್ಟರು ಯಾವ ದೇವರು ಎಂದು ಕೇಳಿ ಕೈಮುಗಿದ. ಇಂಥ ದೇವರು ಅಂತ ಹೇಳಲು ತಿಳಿಯದೆ ಅಂಜನಪ್ಪನೂ ಕೈಮುಗಿದ.

ಕಿರಣ್ ಕುಮಾರ್ ನಲವತ್ತರ ಹತ್ತಿರದ, ಮಾತು ಕಮ್ಮಿ ಆಡುವ ಮನುಷ್ಯ. ಡ್ರೈವು ಕಂಡದ್ದೇ ಅವನ ಕಣ್ಣು ಹೊಳೆಯಿತು. ಬ್ರಶ್ಶು ತಂದು ಹತ್ತೊಂಬತ್ತು ಆಯುಧಪೂಜೆಗಳನ್ನು ಗುಡಿಸಿ ತೆಗೆದ. ಮೂಲೆಯಲ್ಲಿದ್ದ ಕೊಪ್ಪರಿಗೆ ಗಾತ್ರದ ಹಳೇ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಸ್ಕಸಿ ಕಾರ್ಡೊಂದನ್ನು ಕೂರಿಸಿದ. ಕಾರ್ಡಿನದು ಅರವತ್ತೆಂಟು ಸೂಜಿ, ಡ್ರೈವಿನದು ಐವತ್ತು. ಎರಡನ್ನೂ ಬೆಸೆಯುವ ತುಂಡಿಗಾಗಿ ಮೂರು ರಟ್ಟಿನ ಪೆಟ್ಟಿಗೆ ನೆಲಕ್ಕೆ ಸುರಿದ. ಮೂರನೆಯದರ ತಳದಲ್ಲಿ ಅದು ಸಿಕ್ಕಿತು. ಅಂಜನಪ್ಪನಿಗೆ ಅವನ ಕಾಲು ಹಿಡಿದುಬಿಡೋಣ ಅನ್ನಿಸಿತು.

“ಟರ್ಮಿನೇಟರ್ ಎಲ್ಲಿ?” ಎಂದ ಕಿರಣ್ ಕುಮಾರ್.

“ಅದ್ಯಾವನಪ್ಪ?” ಎಂದಳು ಈರಕ್ಕ.

“ಒಂದು ಮುಚ್ಚಳ ಇದ್ದ ಹಾಗೆ ಅಮ್ಮ. ಡ್ರೈವಿನ ಹಿಂದೆ ಇನ್ನೊಂದು ಬಾಯಿದೆಯಲ್ಲ, ಅದನ್ನು ಮುಚ್ಚಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಹೇಳಿದ ಮಾತು ಅಲ್ಲಿ ಹೋಗಿ ಬಡಿದು ವಾಪಸು ಬರುತ್ತೆ. ಡ್ರೈವಿಗೆ ಏನೂ ಕೇಳಿಸಲ್ಲ. ಅದು ನನ್ನ ಹತ್ರ ಇಲ್ಲ.”

ಸಂಜೀವಯ್ಯನ ಮುಖ ಇಳಿಯಿತು. ಅದು ಅವನ ಮನೆಯಲ್ಲೇ ಇತ್ತು, ದೇವರಮನೆಯಲ್ಲಿ. ಎಷ್ಟೋ ವರ್ಷಗಳ ಹಿಂದೆ ಹೆಂಡತಿ ರಾಮಾಂಜಿನಮ್ಮನ ಕೈಗೆ ಅದನ್ನು ಕೊಟ್ಟು, “ಇದಿಲ್ಲದೆ ನಮ್ಮ ಮನೆಯಲ್ಲಿ ಏನೂ ನಡೆಯಲ್ಲ, ಜೋಪಾನ” ಎಂದಿದ್ದ. ಆಕೆ ಜೋಪಾನ ಮಾಡುವುದೆಂದರೆ ಮಾಡುವುದೇ. ಅಂದಿನಿಂದ ಅದು ಲಕ್ಷ್ಮಿಯ ಪಕ್ಕದಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಸಂಜೀವಯ್ಯ ಫೋನು ಮಾಡಿದ. ಆಚೆಕಡೆಯ ಉತ್ತರ ಅಂಗಡಿಗೆಲ್ಲ ಕೇಳಿಸಿತು.

“ಇವತ್ತು ಶುಕ್ರವಾರ ಕಣ್ರೀ! ದೀಪ ಹಚ್ಚಿದ ಮೇಲೆ ದೇವರ ಸಾಮಾನು ಹೊಸಲು ದಾಟಿಸೋದುಂಟೇ? ನಾಳೆ ತಗೊಂಡ್ಹೋಗಿ.”

“ಒಂದೇ ಒಂದು ಗಂಟೆ ಕಣೇ...”

“ಹೆಣ್ಮಗಳು ಮನೆ ಬಿಟ್ಟು ಹೋಗೋದೂ ಒಂದೇ, ಅದು ಹೋಗೋದೂ ಒಂದೇ. ಕೊಡಲ್ಲ ಅಂದ್ರೆ ಕೊಡಲ್ಲ.”

ಗಂಟೆ ಒಂದಾಗಿತ್ತು. ಐದಕ್ಕೆ ಪ್ರೆಸ್ಸಿನವನು ದೀಪದ ಚಿತ್ರ ಹಾಕಿಬಿಡುತ್ತಾನೆ. ಅಂಜನಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಐವತ್ತೆರಡು ವರ್ಷದ ಗಂಡಸು, ಬಸ್ ಸ್ಟ್ಯಾಂಡಿನ ಜನರೆಲ್ಲ ನೋಡುವ ಜಾಗದಲ್ಲಿ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. “ನನ್ ಮಗಳು ಇದೊಂದೇ ಕೇಳಿದ್ದು ಕಣಕ್ಕ,” ಎಂದ. ಈರಕ್ಕ ಬುತ್ತಿ ಬಿಚ್ಚಿ ಅವನ ಮುಂದಿಟ್ಟಳು.

ಕಿರಣ್ ಕುಮಾರ್ ಅಂಗಡಿಯ ಶಟರ್ ಎಳೆದ. “ಅದು ಇಲ್ಲಿಗೆ ಬರೋ ಹಾಗಿಲ್ಲ ತಾನೇ? ನಾವೇ ಅಲ್ಲಿಗೆ ಹೋಗೋಣ ನಡೀರಿ,” ಎಂದ.

ಲಗೇಜ್ ಆಟೊದಲ್ಲಿ ಕೊಪ್ಪರಿಗೆಯಂಥ ಕಂಪ್ಯೂಟರು, ಅದರ ದಪ್ಪ ಟಿವಿ, ಡ್ರೈವು, ನಾಲ್ಕು ಜನ ಮಧುಗಿರಿಗೆ ತಿರುಗಿ ಹೊರಟರು. ದಾರಿಯ ಪ್ರತಿ ಉಬ್ಬಿಗೂ ಅಂಜನಪ್ಪ ಡ್ರೈವನ್ನು ಎದೆಗವಚಿಕೊಂಡ.

ರಾಮಾಂಜಿನಮ್ಮ ಎಲ್ಲರಿಗೂ ಕಾಲು ತೊಳೆಸಿದಳು. ದೇವರಮನೆ ಇಬ್ಬರು ನಿಂತರೆ ತುಂಬುವಷ್ಟು ಚಿಕ್ಕದು. ಡ್ರೈವನ್ನು ಲಕ್ಷ್ಮಿಯ ಮುಂದೆ ಇಟ್ಟು, ಟರ್ಮಿನೇಟರನ್ನು ಒರೆಸಿ ಅದರ ಬೆನ್ನಿಗೆ ಸಿಕ್ಕಿಸಿ, ಕೇಬಲ್ಲನ್ನು ಹೊಸಲಿನ ಮೇಲಿಂದ ನಡುಮನೆಯ ಕಂಪ್ಯೂಟರಿಗೆ ಎಳೆದರು. ಮುಚ್ಚಳ ಹೊಸಲು ದಾಟಲಿಲ್ಲವಾದ್ದರಿಂದ ಯಾರ ಮಾತೂ ಕೆಡಲಿಲ್ಲ. ನಿಲ್ಲಲು ಜಾಗವಿಲ್ಲದೆ ಈರಕ್ಕ ಜಗಲಿಗೆ ಹೋಗಿ ಎಲೆ ಅಡಿಕೆ ಹಾಕುತ್ತ ಕೂತಳು. ಅಷ್ಟರಲ್ಲಿ ಕರೆಂಟು ಹೋಯಿತು. ಮೂರರಿಂದ ನಾಲ್ಕೂಕಾಲರವರೆಗೆ ಎಲ್ಲರೂ ಬಲ್ಬನ್ನೇ ನೋಡುತ್ತ ಕೂತರು.

ಕರೆಂಟು ಬಂದ ಮೇಲೆ ಕಿರಣ್ ಕುಮಾರ್ ಡ್ರೈವಿನ ಬಾಯಿಗೆ ಟಾರ್ಚು ಬಿಟ್ಟು ನೋಡಿದ. “ಒಳಗಿನ ರಬ್ಬರು ಹಲಸಿನ ಅಂಟಿನ ಹಾಗಾಗಿದೆ ಯಜಮಾನ್ರೇ. ಟೇಪು ಒಂದೇ ಸಲ ಓಡುತ್ತೆ. ನಿಮ್ಮೂರು ಮಾತ್ರ ತೆಗೀತೀನಿ. ಆಮೇಲೆ ದೇವರು ಬಂದರೂ ಆಗಲ್ಲ.”

ಟೇಪು ಒಳಗೆ ಹೋಯಿತು. ಡ್ರೈವು ನರಳಿತು, ಕೆಮ್ಮಿತು, ಹಸಿರು ದೀಪ ಮಿನುಗಿಸಿತು. ಪರದೆಯ ಮೇಲೆ ಅಕ್ಷರಗಳು ಉರುಳಿದವು. ಹತ್ತು ನಿಮಿಷ ಕಳೆಯಿತು. ಕೊನೆಗೆ ಪಟ್ ಎಂದು ಸದ್ದಾಯಿತು, ಟೇಪು ತುಂಡಾಗಿತ್ತು. “ನಿಮ್ಮೂರು ಬಂತು,” ಎಂದ ಕಿರಣ್ ಕುಮಾರ್.

“ಗಂಗಾಲಕ್ಷ್ಮಿ. ಗಂಡ ಅಂಜನಪ್ಪ,” ಎಂದ ಅಂಜನಪ್ಪ.

ಪರದೆಯ ಮೇಲೆ ಕಪ್ಪುಬಿಳುಪಿನ ಚಿತ್ರವೊಂದು ಮೂಡಿತು. ತಲೆತುಂಬ ಸೆರಗು, ಹಣೆತುಂಬ ಕುಂಕುಮ, ಕ್ಯಾಮರಾಕ್ಕೆ ಹೆದರಿ ಅರಳಿದ ಕಣ್ಣು. ಅಂಜನಪ್ಪನಿಗೆ ಮೊದಲು ಗುರುತಾದದ್ದು ಸೀರೆ. ಅಂಚಿನಲ್ಲಿ ಜೋಡಿ ನವಿಲಿದ್ದ ಆ ಸೀರೆಯನ್ನು ಅವನೇ ಪಾವಗಡದ ಸಂತೆಯಿಂದ ತಂದಿದ್ದ. ಆಮೇಲೆ ಮುಖ. ಎಷ್ಟೊಂದು ಪರಿಚಯದ ಮುಖ! ಇಪ್ಪತ್ತೆಂಟು ವರ್ಷ ದಿನಾ ಕಂಡ ಹಾಗಿದೆ.

“ಇವ್ಳೇ,” ಎಂದ. “ಇವ್ಳೇ ಕಣಪ್ಪ ನನ್ ಗಂಗಿ.” ಪರದೆಯ ಗಾಜನ್ನು ಅಂಗೈಯಲ್ಲಿ ಸವರುತ್ತ ಮಗುವಿನ ಹಾಗೆ ಅತ್ತ. ಸಂಜೀವಯ್ಯನೂ ಕಣ್ಣೊರೆಸಿಕೊಂಡ. ರಾಮಾಂಜಿನಮ್ಮ ಕುಂಕುಮ ತರಲು ಒಳಗೆ ಓಡಿದಳು. ಕಿರಣ್ ಕುಮಾರ್ ಒಬ್ಬನೇ ಗಡಿಯಾರ ನೋಡಿದವನು. ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು, ಅಂಜನಪ್ಪನ ಫೋನಿನಿಂದ ನಂಬರು ತೆಗೆದುಕೊಂಡು ತೇಜಸ್ವಿನಿಗೆ ಕಳಿಸಿದ. ಗಂಟೆ ನಾಲ್ಕು ಐವತ್ತು.

ಗದ್ದಲ ಕೇಳಿ ಈರಕ್ಕ ಜಗಲಿಯಿಂದ ಎದ್ದು ಬಂದಳು. ಬಾಯಿತುಂಬ ಎಲೆಯಡಿಕೆ. ಪರದೆಯ ಮುಂದೆ ನಿಂತು ಕಣ್ಣು ಕಿರಿದು ಮಾಡಿದಳು. ಎಡಕ್ಕೆ ವಾಲಿ ನೋಡಿದಳು, ಬಲಕ್ಕೆ ವಾಲಿ ನೋಡಿದಳು. ಎಲೆಯಡಿಕೆಯನ್ನು ನುಂಗಿಯೇಬಿಟ್ಟಳು.

“ಲೇ ಅಂಜನಪ್ಪ, ಇದು ನಾನು ಕಣ್ಲಾ!”

“ಸುಮ್ಕಿರಕ್ಕ,” ಎಂದ ಅಂಜನಪ್ಪ ಅಳುತ್ತಲೇ. “ಸೀರೆ ನೋಡು. ಗಂಗೀದು.”

“ಸೀರೆ ಅವ್ಳ್ದೇ. ಮುಖ ನಂದು. ಅಯ್ಯೋ ಶಿವನೇ, ಮರ್ತೇ ಹೋಗಿತ್ತಲ್ಲೋ! ಗಂಗಿ ಆಗ ಹನ್ನೊಂದ್ ದಿನದ ಬಾಣಂತಿ. ಹೊಸಲು ದಾಟುದ್ರೆ ಗಾಳಿ ಸೋಕ್ತೈತೆ ಅಂತ ನಿಮ್ಮವ್ವ ಬುಡ್ಲಿಲ್ಲ. ಫೋಟೊ ತೆಗಿಸ್ದಿದ್ರೆ ಹೆಸ್ರೇ ಹೊಡ್ದಾಕ್ತಾರೆ ಅಂತ ಊರೆಲ್ಲ ಗುಲ್ಲು. ನಿಮ್ಮವ್ವನೇ ಗಂಗಿ ಸೀರೆ ನಂಗುಡ್ಸಿ, ನೀನ್ ಹೋಗಿ ಕುಂತ್ಕೊಳ್ಳೇ ಈರಿ ಅಂದ್ಲು. ಆವತ್ತು ನಾನು ಮೂರ್ ಜನದ ಹೆಸ್ರಿಗೆ ಕುಂತೆ ಕಣ್ಲಾ. ನೀನ್ ಹುಡುಕ್ತಿರೋದು ಆ ಫೋಟೊ ಅಂತ ನಂಗೇನ್ ಗೊತ್ತು?”

ಅಂಜನಪ್ಪ ಪರದೆ ನೋಡಿದ, ಈರಕ್ಕನನ್ನು ನೋಡಿದ. ಮೇಲಿನ ಹಲ್ಲು ಉದುರಿದ, ಬಿಸಿಲಿಗೆ ಸುಟ್ಟ ಆ ಮುಖದೊಳಗೆ ಅದೇ ಅರಳಿದ ಕಣ್ಣುಗಳಿದ್ದವು.

“ಅಂಗಾದ್ರೆ ಗಂಗಿ? ಗಂಗಿ ಎಲ್ಲೂ ಕುಂತೇ ಇಲ್ವಾ?”

“ಇಲ್ಲ ಕಣ್ಲಾ,” ಎಂದಳು ಈರಕ್ಕ. ಅವಳ ದನಿಯೂ ಇಳಿದಿತ್ತು. “ಅವ್ಳು ಒಳಗೆ ನಿನ್ ಮಗೀಗೆ ಹಾಲು ಕುಡಿಸ್ತಾ ಇದ್ಲು.”

ಆಗ ಅಂಜನಪ್ಪನ ಫೋನು ಬಡಿದುಕೊಂಡಿತು. ತೇಜಸ್ವಿನಿ. ಅಳು, ನಗು ಎರಡೂ ಒಟ್ಟಿಗೆ ಬರುತ್ತಿದ್ದವು ಆ ದನಿಯಲ್ಲಿ.

“ಅಪ್ಪ, ಅವ್ವ ಎಷ್ಟ್ ಚೆನ್ನಾಗವ್ಳಪ್ಪ! ನನ್ ಕಣ್ಣು ಅವ್ಳ್ದೇ ಅಲ್ವಾ? ವಾರ್ಡಲ್ಲಿ ಎಲ್ರೂ ಅಂಗೇ ಅಂದ್ರು. ಪ್ರೆಸ್ಸಿಗೆ ಆಗ್ಲೇ ಕಳಿಸ್ಬುಟ್ಟೆ, ಮಿಷನ್ನಿಗೆ ಹಾಕವ್ನೆ. ಗೋಡೆಗೂ ದೊಡ್ಡದೊಂದು ಮಾಡ್ಸಣ ಅಪ್ಪ. ಮದುವೆ ದಿನ ಹಾರ ಹಾಕಿ, ನಾನು ಮೊದ್ಲು ಅವ್ಳಿಗೆ ಕೈ ಮುಗಿದು ಹಸೆಗೆ ಹೋಗ್ತೀನಿ. ಯಾಕಪ್ಪ ಮಾತಾಡಲ್ಲ? ಅವ್ವನ್ನ ನೋಡಿ ಅಳ್ತಿದೀಯಾ?”

ಅಂಜನಪ್ಪ ಬಾಯಿ ತೆರೆದ. ನಿಜ ಹೇಳಲು ಇದ್ದದ್ದು ಅದೊಂದೇ ಗಳಿಗೆ. ಅವನು ಈರಕ್ಕನ ಕಡೆ ನೋಡಿದ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಹೂಂ ಅನ್ನು ಎಂದು ಕಣ್ಣಲ್ಲೇ ಹೇಳುತ್ತಿದ್ದಳು.

“ಹೂಂ ಕಣವ್ವ,” ಎಂದ. “ಕಣ್ಣು ನಿಮ್ಮವ್ವಂದೇ.”

“ಈರತ್ತೆ ನೋಡಿದ್ಲಾ? ಏನಂದ್ಲು?”

ಈರಕ್ಕ ಫೋನು ಕಿತ್ತುಕೊಂಡಳು. “ನೋಡ್ದೆ ಕಣವ್ವ. ಅಂಗೇ ಅವ್ಳೆ ನಿಮ್ಮವ್ವ. ತದ್ರೂಪು,” ಎಂದು ಕೂಗಿ ಹೇಳಿ, ಫೋನು ತಿರುಗಿ ಕೊಟ್ಟು, ಜಗಲಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಶಿರಾ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಈರಕ್ಕ ಕೇಳದೆಯೇ ಅಂಜನಪ್ಪನಿಗೆ ಬಿಟ್ಟಳು. ಅವಳು ಹೀಗೆ ಸೀಟು ಬಿಟ್ಟುಕೊಟ್ಟದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ.

“ಲೇ,” ಎಂದಳು, “ಮದುವೆಗೆ ನಾನು ಬರ್ಲಾ, ಬ್ಯಾಡ್ವಾ? ಗೋಡೆ ಮೇಲೆ ಹಾರ ಹಾಕಿರ್ತೈತೆ, ಕೆಳಗೆ ನಾನು ಊಟಕ್ಕೆ ಕುಂತಿರ್ತೀನಿ. ಯಾರಾದ್ರೂ ಗುರ್ತು ಹಿಡುದ್ರೆ?”

“ಬಾರಕ್ಕ. ಯಾರೂ ಹಿಡಿಯಲ್ಲ,” ಎಂದ ಅಂಜನಪ್ಪ. “ಕಟ್ಕಂಡ ಗಂಡ ನಾನೇ ಹಿಡೀಲಿಲ್ಲ.”

ಹಾಗೆಂದವನು ಕಣ್ಣು ಮುಚ್ಚಿ ಕಿಟಕಿಗೆ ತಲೆಯಾನಿಸಿದ. ಫೋಟೊ ಇಲ್ಲದಿದ್ದರೇನಂತೆ, ಗಂಗಾಲಕ್ಷ್ಮಿಯನ್ನು ನೆನಪಿನಲ್ಲೇ ಒಮ್ಮೆ ನೋಡಿಕೊಳ್ಳೋಣ ಎನ್ನಿಸಿತ್ತು. ಅವಳ ತೆಲುಗು ಬೆರೆತ ಮಾತು ಕೇಳಿಸಿತು. ಕುರಿಮರಿಗೆ ಹಾಲೂಡಿಸುವ ಬಳೆಗೈ ಕಾಣಿಸಿತು. ನವಿಲಂಚಿನ ಸೀರೆ ಬಂತು, ತಲೆಯ ಮೇಲಿನ ಸೆರಗೂ ಬಂತು. ಮದಲೂರು ಕಡೆಯ ತಿರುವು ದಾಟಿ ಶಿರಾದ ದೀಪಗಳು ಕಾಣುವವರೆಗೂ ಅವನು ಕಣ್ಣು ಬಿಗಿಹಿಡಿದು ಪ್ರಯತ್ನಿಸಿದ. ಎಷ್ಟು ಸಲ ನೋಡಿದರೂ ಆ ಸೆರಗಿನೊಳಗಿಂದ ಈರಕ್ಕನೇ ನೋಡುತ್ತಿದ್ದಳು.